ಐವತ್ತು ಮೀಟರ್ ಆಳದ ಆರೋಪಿ

2025ರ ಜನವರಿ 12, ಭಾನುವಾರ. ಬೆಳಿಗ್ಗೆ 7:40ಕ್ಕೆ ಸನತ್‌ನಗರ ಕೈಗಾರಿಕಾ ಪ್ರದೇಶದ ಪೊಲೀಸ್ ಠಾಣೆಗೆ ಅರವತ್ತರ ಆಸುಪಾಸಿನ ಹೆಂಗಸೊಬ್ಬರು ಸೂಟ್‌ಕೇಸ್ ಎಳೆದುಕೊಂಡು ಬಂದರು. ಸಂಕ್ರಾಂತಿಗೆ ಅರ್ಧ ಹೈದರಾಬಾದೇ ಊರಿಗೆ ಹೊರಟಿತ್ತು. ಠಾಣೆಯ ಅರ್ಧ ಸಿಬ್ಬಂದಿ ಬಸ್ ನಿಲ್ದಾಣಗಳ ಬಂದೋಬಸ್ತಿಗೆ ಹೋಗಿತ್ತು. ಉಳಿದವರಲ್ಲಿ ಇನ್ಸ್‌ಪೆಕ್ಟರ್ ಶಿವಶರಣಪ್ಪ ಒಬ್ಬರು, ಜಹೀರಾಬಾದ್ ಕಡೆಯ ಹೆಡ್ ಕಾನ್‌ಸ್ಟೆಬಲ್ ಚಂದ್ರಹಾಸ ಒಬ್ಬ. ಹಬ್ಬದ ಹೊತ್ತಿನಲ್ಲಿ ಠಾಣೆ ಕಾಯುವವರಿಗೆ ಪುಣ್ಯ ಬರುತ್ತದೋ ಇಲ್ಲವೋ, ಕೇಸಂತೂ ಬಂದೇ ಬರುತ್ತದೆ.

ಹೆಂಗಸು ಹಿಂದಿಯಲ್ಲಿ ಶುರು ಮಾಡಿ ಎರಡು ಮಾತಿಗೇ ತಡವರಿಸಿದರು. ಆ ಹಿಂದಿಯಲ್ಲಿ ಧಾರವಾಡ ಇಣುಕುತ್ತಿತ್ತು. ಶಿವಶರಣಪ್ಪ ಹುಮನಾಬಾದಿನವರು.

"ಕನ್ನಡದಾಗ ಹೇಳ್ರಿ ಅಕ್ಕಾರ."

ಆಕೆ ಕುರ್ಚಿಯಲ್ಲಿ ಕುಸಿದರು. ಹೆಸರು ವಿಶಾಲಾಕ್ಷಿ. ಗಂಡ ಡಾಕ್ಟರ್ ವೀರಭದ್ರಪ್ಪ, ನೌಕಾಪಡೆಯಿಂದ ನಿವೃತ್ತರಾದ ಸರ್ಜನ್ ಕ್ಯಾಪ್ಟನ್. ಆಕೆ ತವರಿನಿಂದ ಬೆಳಗಿನ ರೈಲಿಗೆ ನಾಂಪಲ್ಲಿಯಲ್ಲಿ ಇಳಿದಾಗ ಕರೆಯಲು ಬರಬೇಕಿದ್ದ ಗಂಡ ಬಂದಿರಲಿಲ್ಲ. ಫೋನ್ ಎತ್ತುತ್ತಿಲ್ಲ, ಮನೆಗೆ ಬೀಗ. ಇಲ್ಲೇ ಎರಡು ಬೀದಿ ಆಚೆಯ ಅವರ ಚಿಕಿತ್ಸಾ ಕೇಂದ್ರದ ಶಟರಿಗೂ ಹೊರಗಿನಿಂದ ಬೀಗ.

"ಕೀಲಿ ಅದಾವೇನ್ರಿ?"

"ಎರಡ ಇದ್ದು. ಒಂದು ಅವರ ಹತ್ರ, ಇನ್ನೊಂದು ಅವರ ಸಹಾಯಕ ಕಲ್ಲೇಶನ ಹತ್ರ, ಅಂವನೂ ಫೋನ್ ಎತ್ತವಲ್ಲ. ಆದ್ರ ಒಳಗ ಮಷೀನು ಚಾಲೂ ಐತ್ರಿ. ಶಟರಿಗೆ ಕಿವಿ ಹಚ್ಚಿ ಕೇಳೀನಿ. ಯಾರೂ ಇಲ್ಲದಾಗ ಅವರು ಮಷೀನು ಚಾಲೂ ಬಿಟ್ಟು ಹೋಗೋರಲ್ಲ."

"ಯಾರ ಮ್ಯಾಲರ ಸಂಶಯ?"

"ಅವರಿಗೆ ವೈರಿ ಅಂದ್ರ ಅವರ ನಾಲಿಗಿ ಒಂದ."

ಆ ಕೇಂದ್ರ ಶಿವಶರಣಪ್ಪನವರಿಗೆ ಹೊಸದಲ್ಲ. ಅವರ ತಾಯಿ ಸೂಗಮ್ಮನ ಎಡಗಾಲಿಗೆ ಸಕ್ಕರೆ ಕಾಯಿಲೆಯ ಹುಣ್ಣಾಗಿ, ದೊಡ್ಡ ಆಸ್ಪತ್ರೆಯವರು ಪಾದ ತೆಗೆಯಬೇಕು ಎಂದಿದ್ದರು. ವೀರಭದ್ರಪ್ಪ ತಮ್ಮ ಕಬ್ಬಿಣದ ಟ್ಯಾಂಕಿನಲ್ಲಿ ಆಕೆಯನ್ನು ದಿನವೂ ಕೂಡಿಸಿ, ಗಾಳಿಯ ಒತ್ತಡ ಏರಿಸಿ, ಮುಖಕ್ಕೆ ಆಮ್ಲಜನಕದ ಮಾಸ್ಕ್ ಹಾಕಿಸಿ ಆ ಪಾದ ಉಳಿಸಿದ್ದರು. ಮುದುಕಿ ಆ ಟ್ಯಾಂಕನ್ನು 'ಡಬ್ಬಿ' ಎನ್ನುತ್ತಿದ್ದಳು. ಡಬ್ಬಿಯೊಳಗೆ ಆಕೆಯ ಪಕ್ಕದಲ್ಲಿ ಕೂತು, ಮಾಸ್ಕ್ ಸರಿಮಾಡಿ, ಕಿವಿ ಬಿಡಿಸಿಕೊಳ್ಳುವುದನ್ನು ಕಲಿಸಿ, ಯಾದಗಿರಿ ಕಡೆಯ ಕತೆ ಹೇಳಿ ನಗಿಸುತ್ತಿದ್ದವನೇ ಸಹಾಯಕ ಕಲ್ಲೇಶ.

8:05ಕ್ಕೆ ಇಬ್ಬರು ಪಂಚರ ಎದುರು ಬೀಗ ಒಡೆಯಲಾಯಿತು. ಹೊರಕೋಣೆಯ ಗೋಡೆಯ ಮೇಲೆ ಎದೆಮಟ್ಟದಲ್ಲಿ ರಕ್ತ ಸಿಡಿದಿತ್ತು. ಮೇಜಿನ ಗಾಜು ಪುಡಿಯಾಗಿ, ಅದರೊಳಗೆ ಒಂದು ಹಲ್ಲು ಬಿದ್ದಿತ್ತು. ಅಲ್ಲಿಂದ ಒಳಕೋಣೆಯವರೆಗೆ, ಗೋಣಿಚೀಲ ಎಳೆದ ಹಾಗೆ, ನೆಲದುದ್ದಕ್ಕೂ ಕೆಂಪು ಪಟ್ಟೆ. ಪಟ್ಟೆ ಟ್ಯಾಂಕಿನ ಬಾಗಿಲಲ್ಲಿ ಮುಗಿದಿತ್ತು.

ಟ್ಯಾಂಕಿನ ದುಂಡು ಗಾಜಿಗೆ ಶಿವಶರಣಪ್ಪ ಮುಖ ಹಚ್ಚಿದರು. ಒಳಗೆ ದೀಪ ಉರಿಯುತ್ತಿತ್ತು. ಬಿಳಿ ಗೌನು ತೊಟ್ಟ ವೀರಭದ್ರಪ್ಪ ಮೂಲೆಗೆ ಒರಗಿದ್ದರು. ತಲೆ ಒಡೆದು ಒಂದು ಕಣ್ಣು ಮುಚ್ಚಿಹೋಗಿತ್ತು, ಬಲಗೈಯ ಬೆರಳುಗಳು ತಿರುಗಬಾರದ ಕಡೆಗೆ ತಿರುಗಿದ್ದವು. ಎದೆ ಏರಿಳಿಯುತ್ತಿತ್ತು.

"ಜೀವ ಐತಿ!" ಎಂದರು.

ಅಷ್ಟು ಕೇಳಿದ್ದೇ ತಡ, ಚಂದ್ರಹಾಸ ಹಾರಿ ಗಾಳಿ ಹೊರಬಿಡುವ ಕೆಂಪು ಹಿಡಿಕೆಗೆ ಕೈ ಹಾಕಿದ. ಎಂಥವನಾದರೂ ಅದನ್ನೇ ಮಾಡುತ್ತಿದ್ದ. ಗಾಳಿ ಒಮ್ಮೆ ಸುಯ್ಯೆಂದಿತು. ಶಿವಶರಣಪ್ಪ ಅವನ ಕಪಾಳಕ್ಕೆ ಬಾರಿಸಿ ಹಿಡಿಕೆಯನ್ನು ತಿರುಗಿ ಮುಚ್ಚಿದರು.

"ಯಾಕ್ರಿ ಸರ್!"

"ಮುಟ್ಟಬ್ಯಾಡ. ಸತ್ತ ಹೋಗ್ತಾರ."

ಕಲ್ಲೇಶ ತಾಯಿಗೆ ಹೇಳುತ್ತಿದ್ದ ಮಾತು ಅವರಿಗೆ ನೆನಪಾಗಿತ್ತು: 'ಗೋಲಿ ಸೋಡಾ ಒಡದ್ರ ಬುರುಗು ಹೆಂಗ ಬರತೈತಿ, ಒಮ್ಮಿಗೇ ಗಾಳಿ ಬಿಟ್ರ ನಿಮ್ಮ ರಕ್ತನೂ ಹಂಗ ಬುರುಗು ಬರತೈತಿ ಅವ್ವಾ. ಮೆಲ್ಲಕ ಬಿಡಬೇಕು.' ತಾಯಿ ಕೂತಾಗಲೆಲ್ಲ ಒತ್ತಡದ ಮಾಪಕದ ಮುಳ್ಳು ಹದಿನಾಲ್ಕು ಮೀಟರ್ ಆಳ ತೋರಿಸುತ್ತಿತ್ತು. ಈಗ ಅದು ಐವತ್ತರಲ್ಲಿ ನಿಂತಿತ್ತು. ಈ ಮನುಷ್ಯ ಸಮುದ್ರದಲ್ಲಿ ಐವತ್ತು ಮೀಟರ್ ಕೆಳಗೆ ಎಷ್ಟೋ ಹೊತ್ತಿನಿಂದ ಬಿದ್ದಿದ್ದಾನೆ ಎಂದು ಅದರ ಅರ್ಥ, ಸುತ್ತ ಒಂದು ಹನಿ ನೀರಿಲ್ಲದಿದ್ದರೂ.

ವಿಶಾಲಾಕ್ಷಿ ಗಾಜಿಗೆ ಹಣೆ ಒತ್ತಿ ನಿಂತುಬಿಟ್ಟರು. ಅಳಲಿಲ್ಲ. ಫೋನ್ ತೆಗೆದು ವಿಶಾಖಪಟ್ಟಣದ ನೌಕಾ ನೆಲೆಗೆ, ಗಂಡನ ಶಿಷ್ಯೆ ಸರ್ಜನ್ ಕಮಾಂಡರ್ ನಿರೀಕ್ಷಾಗೆ ಹಚ್ಚಿದರು. ವಿಡಿಯೊದಲ್ಲಿ ಮುಳ್ಳನ್ನೂ ಗುರುವನ್ನೂ ಕಂಡದ್ದೇ ಆಕೆ ಮಾತು ಶುರು ಮಾಡಿದಳು.

"ಏನನ್ನೂ ತೆರೆಯಬೇಡಿ. ರಾತ್ರಿಯೆಲ್ಲ ಒಳಗಿದ್ದರೆ ಅವರನ್ನು ಮೇಲೆ ತರಲು ಒಂದು ದಿನಕ್ಕಿಂತ ಹೆಚ್ಚು ಬೇಕು. ಆದರೆ ತಲೆಯ ರಕ್ತ ನಿಲ್ಲಿಸದಿದ್ದರೆ ಅಷ್ಟು ಹೊತ್ತು ಉಳಿಯುವುದಿಲ್ಲ. ಯಾರಾದರೂ ಒಳಗೆ ಹೋಗಬೇಕು. ನಾನು ವಿಮಾನ ಹಿಡಿಯುತ್ತೇನೆ, ಬರುವಾಗ ಮಧ್ಯಾಹ್ನವಾಗುತ್ತದೆ."

ಒಳಗೆ ಹೋಗಲು ದಾರಿಯಿತ್ತು. ದೊಡ್ಡ ಕೋಣೆಗೆ ಅಂಟಿಕೊಂಡು ಒಂದು ಸಣ್ಣ ಕೋಣೆ. ಅದರಲ್ಲಿ ನಿಂತು, ತನ್ನ ಸುತ್ತ ಅಷ್ಟೇ ಒತ್ತಡ ಏರಿಸಿಕೊಂಡು, ನಡುವಿನ ಬಾಗಿಲು ದಾಟಬೇಕು. ಆಂಬುಲೆನ್ಸಿನ ತರುಣ ವೈದ್ಯ ವೈಭವ ಮುಂದೆ ಬಂದ. ಧೈರ್ಯವಂತ. ನಿರೀಕ್ಷಾ ಫೋನಿನಲ್ಲಿ ಹೇಳಿದಂತೆ ಗಾಳಿ ಬಿಟ್ಟರೆ, ಹತ್ತು ಮೀಟರ್ ದಾಟುವುದರೊಳಗೆ ಅವನು ಕಿವಿ ಹಿಡಿದು ಗೋಡೆಗೆ ತಲೆ ಚಚ್ಚಿಕೊಂಡು ಚೀರಿದ. ಹೊರಗೆ ತೆಗೆದಾಗ ಕಿವಿಯಿಂದ ಕುತ್ತಿಗೆಗೆ ರಕ್ತ ಇಳಿಯುತ್ತಿತ್ತು. ಆ ಕೆಲಸ ಬಲ್ಲವರು ಊರಲ್ಲಿ ಇಬ್ಬರೇ ಎಂದರು ವಿಶಾಲಾಕ್ಷಿ. ಒಬ್ಬರು ಒಳಗೆ ಬಿದ್ದಿದ್ದರು.

"ದರೋಡೆ ಇರಬೇಕ್ರಿ ಸರ್," ಎಂದ ಚಂದ್ರಹಾಸ, ಕೆನ್ನೆ ಸವರಿಕೊಳ್ಳುತ್ತ. "ಕೈಯಾಗ ವಾಚಿಲ್ಲ, ಉಂಗುರಿಲ್ಲ. ಬೆಲ್ಟೂ ಇಲ್ಲ."

ಶಿವಶರಣಪ್ಪ ಗೋಡೆಯ ಕಪಾಟು ತೆರೆದರು. ಹತ್ತಿಯ ಚೀಲವೊಂದರಲ್ಲಿ ವಾಚು, ಉಂಗುರ, ಬೆಲ್ಟು, ಪೆನ್ನು ಇದ್ದವು. ರಕ್ತದಲ್ಲಿ ನೆನೆದ ಪಾಲಿಸ್ಟರ್ ಅಂಗಿ ಮಡಚಿ ಇಡಲಾಗಿತ್ತು. ಪಕ್ಕದಲ್ಲಿ ತಲೆಯ ಎಣ್ಣೆ ಒರೆಸಿದ ಹತ್ತಿಬಟ್ಟೆ. ಅವರ ತಾಯಿಯ ನೈಲಾನ್ ಸೀರೆಯನ್ನೂ ದಿನವೂ ಹೀಗೇ ಬಿಡಿಸಿ, ಹೆರಳಿನ ಎಣ್ಣೆ ಒರೆಸಿ, ಹತ್ತಿಯ ಗೌನು ತೊಡಿಸುತ್ತಿದ್ದರು. ಆಮ್ಲಜನಕ ಇರುವ ಕಡೆ ಒಂದು ಕಿಡಿ ಸಾಕು, ಒಳಗಿದ್ದವರು ಬೂದಿ. ಟ್ಯಾಂಕಿನ ಮೊದಲ ಕಟ್ಟಳೆ ಅದು.

ಮನುಷ್ಯನ ತಲೆ ಒಡೆದು, ಬೆರಳು ಮುರಿದು, ಆಮೇಲೆ ಅವನಿಗೆ ಬೆಂಕಿ ತಗಲಬಾರದೆಂದು ಎಣ್ಣೆ ಒರೆಸುವ ದರೋಡೆಕೋರ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ. ಕೈಗೆ ಹತ್ತಿದ ಕೆಲಸ ಸಿಟ್ಟಿನಲ್ಲೂ ಬಿಡುವುದಿಲ್ಲ.

ಆ ಕೈ ಕಲ್ಲೇಶನದೆಂದು ಶಿವಶರಣಪ್ಪನವರಿಗೆ ತಿಳಿಯಿತು. ಎಸಿಪಿಗೆ ಫೋನ್ ಮಾಡಿ, ಶಂಕಿತ ತಮ್ಮ ತಾಯಿಗೆ ಶುಶ್ರೂಷೆ ಮಾಡಿದವನು ಎಂಬುದನ್ನು ಮೊದಲೇ ಹೇಳಿದರು. "ಬೇರೆ ಯಾರೂ ಇಲ್ಲ, ನೀವೇ ನೋಡಿ, ಡೈರಿಯಲ್ಲಿ ಬರೆದಿಡಿ," ಎಂದರು ಎಸಿಪಿ. ಕೊಲೆ ಯತ್ನಕ್ಕೆ, ಭಾರತೀಯ ನ್ಯಾಯ ಸಂಹಿತೆಯ ಕಲಂ 109ರ ಅಡಿ ಎಫ್‌ಐಆರ್ ದಾಖಲಾಯಿತು. ಕಲ್ಲೇಶನ ಮೊಬೈಲ್ ನಾಂಪಲ್ಲಿ ನಿಲ್ದಾಣದ ಟವರ್ ಹಿಡಿದಿತ್ತು.

ಜೀಪು ಓಡಿತು. ಹಿಂದಿನ ಸೀಟಿನಲ್ಲಿ ವಿಶಾಲಾಕ್ಷಿಯೂ ಕೂತರು, ಬೇಡವೆಂದರೂ ಕೇಳಲಿಲ್ಲ. ದಾರಿಯಲ್ಲಿ ಇನ್ಸ್‌ಪೆಕ್ಟರ್ ಕೇಳಿದರು, ಆಕೆ ಹೇಳಿದರು.

"ಕುಡಿಯೂ ನೀರಿಗೆ ಕೊಡ ಹಿಡಕೊಂಡು ಸಾಲು ನಿಂತ ಊರಿನವರು ನಮ್ಮವರು. ಈಜು ಬರತಿರಲಿಲ್ಲ. ನೇವಿಯವರು ಅಂಥವರನ್ನ ಮುಳುಗೋರ ಡಾಕ್ಟರ್ ಮಾಡಿದರು. ಕೊಚ್ಚಿಯೊಳಗ ಮೂವತ್ತು ದಾಟಿದ ಮ್ಯಾಲೆ ಈಜು ಕಲತರು. ಮುಳುಗೋರ ಎಲುಬು ಒಳಗಿಂದೊಳಗ ಸಾಯತಾವಂತ್ರಿ. ಗಾಳಿ ಗುಳ್ಳಿ ರಕ್ತದ ದಾರಿ ಕಟ್ಟತಾವ, ಎಲುಬಿಗೆ ಅನ್ನ ಸಿಗಂಗಿಲ್ಲ. ಜೀವಮಾನ ಎಲ್ಲಾ ಅದನ್ನ ಓದಿದರು. ರೋಗಿ ಜೋಡಿ ಒಳಗ ಕೂಡೋ ಸಹಾಯಕ ದಿನಕ್ಕ ಒಮ್ಮಿ ಮಾತ್ರ ಕೂಡಬೇಕು, ಎರಡನೇ ಸಲ ಕೂಡಿಸಬಾರದು ಅಂತ ಮೇಲಿನ ಅಧಿಕಾರಿ ಜೋಡಿ ಜಗಳ ಆಡಿದರು. ಆ ನಾಲಿಗಿಗೇ ಬಡ್ತಿ ತಪ್ಪಿತು."

"ಇಲ್ಲಿ ಕಲ್ಲೇಶ ದಿನಕ್ಕ ಎಷ್ಟು ಸಲ ಕೂಡತಿದ್ದ ಅಕ್ಕಾರ?"

ವಿಶಾಲಾಕ್ಷಿ ಕಿಟಕಿಯ ಹೊರಗೆ ನೋಡಿದರು. "ಎರಡು. ಒಮ್ಮೊಮ್ಮೆ ಮೂರು. ಬ್ಯಾರೆ ಯಾರೂ ಸಿಗಲಿಲ್ರಿ."

ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಶಿವಶರಣಪ್ಪ ಹಾಗೆಂದು ಬಾಯಿಬಿಡಲಿಲ್ಲ. ತಮ್ಮ ತಾಯಿಯನ್ನು ಸಾಲಿನಲ್ಲಿ ಮುಂದೆ ಹಾಕಿ, ಸಂಜೆ ಇನ್ನೊಂದು ಸರದಿ ತೆಗೆದುಕೊಳ್ಳಿ ಎಂದು ಡಾಕ್ಟರಿಗೆ ಫೋನ್ ಮಾಡಿದ್ದವರು ಅವರೇ. ಇನ್ಸ್‌ಪೆಕ್ಟರ್ ಮಾತೆಂದು ಡಾಕ್ಟರೂ ಒಪ್ಪಿದ್ದರು.

ನಾಂಪಲ್ಲಿಯಲ್ಲಿ ಹಬ್ಬದ ಜಾತ್ರೆಯೇ ನೆರೆದಿತ್ತು. ಕಲ್ಲೇಶ ಪ್ಲಾಟ್‌ಫಾರಂನ ತುದಿಯಲ್ಲಿ ಚೀಲ ತಬ್ಬಿ ಕೂತಿದ್ದ. ಯಾದಗಿರಿ ದಾರಿಯ ರೈಲು ಅವನೆದುರೇ ಹೊರಟರೂ ಎದ್ದಿರಲಿಲ್ಲ. ಖಾಕಿ ಕಂಡಾಗ ಎದ್ದ. ಓಡಲು ನೋಡಿದ, ಎಡಗಾಲು ಎಳೆಯಿತು. ಚಂದ್ರಹಾಸ ಕೊರಳಪಟ್ಟಿಗೆ ಕೈಹಾಕುತ್ತಿದ್ದಂತೆ ಅವನ ಚೀಲದಿಂದ ಸಿಲಿಂಡರ್ ತೆರೆಯುವ ಉದ್ದನೆಯ ಉಕ್ಕಿನ ಪಾನಾ ಹೊರಬಂತು. ಬೀಸಿದ ಏಟಿಗೆ ಚಂದ್ರಹಾಸನ ಮುಂಗೈ ಎಲುಬು ಮುರಿದ ಸದ್ದು ನಾಲ್ಕು ಮಾರು ದೂರಕ್ಕೆ ಕೇಳಿತು. ಜನ ಕಿರುಚಿ ಚೆದುರಿದರು. ಪಾನಾ ಮತ್ತೆ ಮೇಲೆದ್ದಾಗ ಶಿವಶರಣಪ್ಪ ಲಾಠಿಯನ್ನು ಪೂರ್ತಿ ಬಲದಿಂದ ಅವನ ಎಡಸೊಂಟಕ್ಕೆ ಇಳಿಸಿದರು.

ಕಲ್ಲೇಶ ನೆಲಕ್ಕೆ ಬಿದ್ದು ಕೂಗಿದ. ಇಪ್ಪತ್ತು ವರ್ಷದ ನೌಕರಿಯಲ್ಲಿ ಲಾಠಿ ತಿಂದವರ ಕೂಗು ಇನ್ಸ್‌ಪೆಕ್ಟರಿಗೆ ಪರಿಚಯವಿತ್ತು. ಇದು ಅದಲ್ಲ. ಮಗ್ಗುಲಾಗಿ ಸುತ್ತಿಕೊಂಡು, ಬಾಯಿಗೆ ಅಂಗಿ ತುರುಕಿಕೊಂಡು ಅವನು ಒರಲುತ್ತಿದ್ದ. ಹತ್ತಿರ ಕೂತು ಶಿವಶರಣಪ್ಪ ಹೇಳಿದರು:

"ಡಾಕ್ಟರ್ ಇನ್ನೂ ಜೀವಂತ ಅದಾರ."

ಒರಲುವುದು ನಿಂತಿತು. "ಯಾರೂ ವಾಲ್ವ್ ಮುಟ್ಟಿಲ್ಲೇನ್ರಿ?"

"ಒಮ್ಮಿ ಮುಟ್ಟಿದ್ರು, ಆಗಿಂದಾಗ ಮುಚ್ಚೀನಿ."

"ಐವತ್ತರಾಗ ಐತಿ?"

"ಐತಿ. ಒಳಗ ಹೋಗಾಕ ನಿನ್ನ ಬಿಟ್ರ ಯಾರಿಲ್ಲ. ನಾ ಏನೂ ಮಾತು ಕೊಡಾಂಗಿಲ್ಲ. ಶಿಕ್ಷೆ ಕಡಿಮಿ ಆಗತೈತಿ ಅಂತನೂ ಹೇಳಾಂಗಿಲ್ಲ."

ಕಲ್ಲೇಶ ವಿಶಾಲಾಕ್ಷಿಯ ಕಡೆ ನೋಡಿದ. ಆಕೆ ಕೈ ಮುಗಿಯಲಿಲ್ಲ, ಬೈಯಲೂ ಇಲ್ಲ. "ಮುಂಜಾನಿ ಹೋಗಿ ತಗೀಬೇಕಂತ ಇದ್ದೆ," ಎಂದ ಅವನು. "ಕಾಲು ಏಳಲಿಲ್ಲ. ನಡೀರಿ."

10:50. ಟ್ಯಾಂಕಿನ ಮುಂದೆ ಅವನು ಎರಡೂ ಕೈ ಚಾಚಿದ. "ಬೇಡಿ ಬಿಚ್ಚರಿ. ಕಬ್ಬಿಣ ಒಳಗ ಒಯ್ಯಂಗಿಲ್ಲ." ಕಿತ್ತು ಹಾಕಿದ್ದ ಮೈಕಿನ ತಂತಿಯನ್ನು ತಾನೇ ಜೋಡಿಸಿದ. ಅಂಗಿ ಬಿಚ್ಚಿ, ತಲೆ ಒರೆಸಿಕೊಂಡು, ಗೌನು ತೊಟ್ಟ. ಬ್ಯಾಂಡೇಜು, ಔಷಧ ಹತ್ತಿಯ ಚೀಲಕ್ಕೆ ಹಾಕಿಕೊಂಡ. ಚಂದ್ರಹಾಸ ಆಸ್ಪತ್ರೆ ಸೇರಿದ್ದ. ಹಿಡಿಕೆ ತಿರುಗಿಸಲು ಶಿವಶರಣಪ್ಪನವರೇ ನಿಂತರು. ಆರೋಪಿ ಒಳಗಿನಿಂದ ಹೇಳುತ್ತ ಹೋದ, ಇನ್ಸ್‌ಪೆಕ್ಟರ್ ಹೊರಗೆ ಕೇಳುತ್ತ ಹೋದರು. "ಬಿಡ್ರಿ... ಇನ್ನಷ್ಟು... ಸಾಕು. ಮತ್ತ ಬಿಡ್ರಿ."

ನಡುಬಾಗಿಲು ತೆರೆದು ಅವನು ವೀರಭದ್ರಪ್ಪನವರ ಮೇಲೆ ಬಾಗಿದ. ಅವನ ಎರಡೂ ಕೈ ಡಾಕ್ಟರ ಕತ್ತಿನ ಹತ್ತಿರ ಹೋದವು. ತೋಳವನ್ನು ಕುರಿಹಟ್ಟಿಗೆ ನಾನೇ ಬಿಟ್ಟೆನೇ? ಶಿವಶರಣಪ್ಪ ಗಾಜನ್ನು ಗುದ್ದಿದರು. ಕಲ್ಲೇಶ ತಿರುಗಲಿಲ್ಲ. ಒಂದು ಅಂಗೈಯಲ್ಲಿ ತಲೆಯ ಗಾಯ ಒತ್ತಿ ಹಿಡಿದು, ಇನ್ನೊಂದರಿಂದ ಬಾಯೊಳಗಿನ ರಕ್ತ ತೆಗೆಯುತ್ತಿದ್ದ.

ಸುಮಾರು ಹೊತ್ತಿನ ಮೇಲೆ ವೀರಭದ್ರಪ್ಪ ಒಂದು ಕಣ್ಣು ತೆರೆದರು. ಮೈಕಿನಲ್ಲಿ ದನಿ ಸೀಳಿ, ಮೂಗಿನಿಂದ ಬಂದಂತೆ ಕೇಳಿತು.

"ಯಾರದು?"

"ನಾನ್ರಿ ಸಾಹೇಬ್ರ. ಕಲ್ಲೇಶ."

ವಿಶಾಲಾಕ್ಷಿ ಮೈಕಿನ ಹತ್ತಿರ ಬಂದರು. ಒಳಗೆ ಡಾಕ್ಟರು ಉಸಿರು ಎಳೆದುಕೊಂಡು ಮತ್ತೆ ಕೇಳಿದರು.

"ಎಷ್ಟೊತ್ತಾತು ಬಂದು?"

"ಈಗ ಬಂದೀನ್ರಿ."

"ಆಳ?"

"ಐವತ್ತು."

"ಹುಚ್ಚ... ನಿನ್ನ ಟೈಮ್ ಆತು. ನೀ ಹೊರಗ ಹೋಗು."

"ರಕ್ತ ನಿಂದರವಲ್ದರಿ."

"ನಿನ್ನ ಎಲುಬು ಮೊದಲ ಕೆಟ್ಟಾವ. ಹೊರಗ ಹೋಗು, ಕಲ್ಲೇಶ."

ಕಲ್ಲೇಶ ಹೋಗಲಿಲ್ಲ. 12:20ಕ್ಕೆ ಡಾಕ್ಟರ ಎದೆ ಏರಿದ್ದು ಇಳಿಯಿತು, ಮತ್ತೆ ಏರಲಿಲ್ಲ. ಕಲ್ಲೇಶ ಎದೆ ಒತ್ತಿದ, ಬಾಯಿಗೆ ಬಾಯಿ ಹಚ್ಚಿ ಊದಿದ, ಮುಷ್ಟಿಯಿಂದ ಗುದ್ದಿದ, ಬೈದ, ಮತ್ತೆ ಊದಿದ. ಕೊನೆಗೆ ಗಾಜಿನ ಕಡೆ ತಿರುಗಿ ತಲೆ ಅಲ್ಲಾಡಿಸಿದ. ವಿಶಾಲಾಕ್ಷಿ ಆಗ ಅತ್ತರು.

ಕಲಂ 109 ಅಳಿದು 103 ಬಂತು. ಕೊಲೆ. ಆದರೆ ಕೊಲೆ ಆರೋಪಿಯನ್ನು ಬಂಧಿಸುವ ಹಾಗಿರಲಿಲ್ಲ. ಅವನೂ ಈಗ ಐವತ್ತು ಮೀಟರ್ ಆಳದಲ್ಲಿದ್ದ. ಮೆಲ್ಲಗೆ, ಹಂತ ಹಂತವಾಗಿ, ಹೆಣದ ಜೊತೆ ಮೇಲೆ ಬರಬೇಕಿತ್ತು. ಮಧ್ಯಾಹ್ನ ನಿರೀಕ್ಷಾ ವಿಮಾನ ನಿಲ್ದಾಣದಿಂದ ನೆಟ್ಟಗೆ ಬಂದಳು. ಗಾಜಿನ ಮುಂದೆ ಒಂದು ಗಳಿಗೆ ಸೆಟೆದು ನಿಂತು ಗುರುವಿಗೆ ಸಲ್ಯೂಟ್ ಹೊಡೆದಳು. ಆಮೇಲೆ ಕೊಂದವನನ್ನು ಉಳಿಸಲು ಹಿಡಿಕೆಗೆ ಕೈ ಹಾಕಿದಳು.

"ಇವನನ್ನು ಒಮ್ಮೆಲೇ ಮೇಲೆ ತಂದರೆ?" ಕೇಳಿದರು ಶಿವಶರಣಪ್ಪ. ಯಾಕೆ ಕೇಳಿದರೋ ಅವರಿಗೇ ಗೊತ್ತಿರಲಿಲ್ಲ.

"ಆಗ ಈ ಕೋಣೆಯಲ್ಲಿ ನಾವಿಬ್ಬರೂ ಕೊಲೆಗಾರರಾಗುತ್ತೇವೆ."

ಆಳದಲ್ಲಿ ಗಾಳಿಯೇ ಹೆಂಡದಂತೆ ತಲೆಗೇರುತ್ತದಂತೆ. ಯಾರೂ ಕೇಳದೆಯೇ ಕಲ್ಲೇಶ ಮಾತಾಡತೊಡಗಿದ. ಅಮಲಿನ ಮಾತು, ಅದೂ ಪೊಲೀಸರ ಮುಂದಿನ ಮಾತು, ಕೋರ್ಟಿನಲ್ಲಿ ಮೂರು ಕಾಸಿಗೆ ಬಾಳುವುದಿಲ್ಲ. ಆದರೂ ಶಿವಶರಣಪ್ಪ ಮೈಕು ಆರಿಸಲಿಲ್ಲ.

"ಸೊಂಟ ನೋವು ಅಂದ್ರ ವಾತ ಅಂದರ್ರಿ. ಎಕ್ಸ್-ರೇ ತಗದು, ಏನಿಲ್ಲ ಅಂದರು. ದೇವರ ಮಾತು ಅಂತ ನಂಬಿದೆ. ಮೊನ್ನಿ ಬ್ಯಾರೆ ದವಾಖಾನಿಗೆ ಹೋದ್ರ ಆ ಎಲುಬಿನ ಡಾಕ್ಟರ್ ಕೇಳಿದ, ನೀ ಸಮುದ್ರದಾಗ ಮುಳುಗೋ ಕೆಲಸ ಮಾಡತಿದ್ದೇನು ಅಂತ. ಎರಡೂ ಸೊಂಟದ ಎಲುಬು ಸತ್ತಾವಂತ. ನಾ ಸಮುದ್ರ ನೋಡೇ ಇಲ್ರಿ ಸಾಹೇಬ್ರ! ಯಾದಗಿರಿ ಬಿಟ್ಟು ಸನತ್‌ನಗರಕ್ಕ ಬಂದವ."

ಅವನು ನಕ್ಕ. ನಗು ನಿಲ್ಲಲಿಲ್ಲ.

"ನಿನ್ನೆ ಸಂಜಿಮುಂದ ಕೇಳಿದೆ, ಸಾಹೇಬ್ರ, ನಿಮಗ ಗೊತ್ತಿತ್ತೇನ್ರಿ ಅಂತ. ಸುಳ್ಳು ಹೇಳಿದ್ರ ಬಿಟ್ಟುಬಿಡತಿದ್ದೆ. ಗೊತ್ತಿತ್ತು ಅಂದರು. ಎರಡು ವರ್ಷದ ಹಿಂದಿನ ಎಕ್ಸ್-ರೇದಾಗನ ಕಂಡಿತ್ತಂತ. ಹೇಳಿದ್ರ ನೀ ಹೋಗತಿದ್ದಿ, ನೀ ಹೋದ್ರ ಈ ಕಾಲಿನ ಹುಣ್ಣಿನವರ ಗತಿ ಏನು ಅಂದರು. ಕೈಯಾಗ ಪಾನಾ ಇತ್ತು."

ಎಷ್ಟು ಏಟು ಹೊಡೆದೆ ಎಂಬುದು ಅವನಿಗೆ ನೆನಪಿರಲಿಲ್ಲ. ಕೈ ಅಡ್ಡ ಹಿಡಿದಾಗ ಬೆರಳಿಗೆ ಬಿತ್ತು, ಆಮೇಲೆ ಬಾಯಿಗೆ, ಆಮೇಲೆ ತಲೆಗೆ. ಬಿದ್ದವರನ್ನು ಒಳಗೆಳೆದು ಐವತ್ತಕ್ಕೆ ಇಳಿಸಿದ. "ಒಂದು ರಾತ್ರಿ ನನ್ನ ಜಾಗದಾಗ ಕೂತು ನೋಡಲಿ ಅಂತ," ಎಂದ.

ಆಳ ಕಡಿಮೆಯಾದಂತೆ ಅಮಲು ಇಳಿಯಿತು, ಮಾತೂ ನಿಂತಿತು. ಕೊನೆಯ ಹಂತದಲ್ಲಿ ಮಾಸ್ಕ್ ಹಾಕಿಕೊಂಡು, ಹೆಣದ ಮೇಲೆ ಹೊದಿಕೆ ಎಳೆದು, ಪಕ್ಕದಲ್ಲೇ ಕೂತಿದ್ದ. ಸೂಗಮ್ಮನ ಪಕ್ಕದಲ್ಲಿ ಕೂರುತ್ತಿದ್ದ ಹಾಗೆ.

ತಡರಾತ್ರಿ ಬಾಗಿಲು ತೆರೆಯಿತು. ಅವನಿಗೆ ನಿಲ್ಲಲಾಗಲಿಲ್ಲ. ಶಿವಶರಣಪ್ಪ ಹೆಗಲು ಕೊಟ್ಟು ಹೊರಗೆ ತಂದು, ಬಂಧನದ ಪತ್ರ ಓದಿ ಹೇಳಿ, ಕೈಗೆ ಬೇಡಿ ಹಾಕಿದರು. ಅಮಲಿಲ್ಲದ ಬಾಯಲ್ಲಿ ಕಲ್ಲೇಶ ಮತ್ತೆ ಅದನ್ನೇ, ಒಂದು ಮಾತೂ ಬದಲಿಸದೆ ಹೇಳಿದ. ಸಮುದ್ರದ ಮಾತಿಗೆ ಈ ಸಲ ನಗಲಿಲ್ಲ.

ಮರುದಿನ ಆರೋಪಿಯನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಲಾಯಿತು. ನ್ಯಾಯಾಂಗ ಬಂಧನದ ಅರ್ಜಿಯ ಕೊನೆಗೆ ಇನ್ಸ್‌ಪೆಕ್ಟರ್ ತಮ್ಮ ಕೈಯಾರೆ ಒಂದು ಸಾಲು ಸೇರಿಸಿದ್ದರು: ಆರೋಪಿಯ ಎರಡೂ ಸೊಂಟದ ಎಲುಬುಗಳಿಗೆ ಚಿಕಿತ್ಸೆ ಅಗತ್ಯ, ಲಾಠಿ ಏಟು ಎಡಕ್ಕೆ ಬಿದ್ದಿದೆ, ಹೊಡೆದವನು ನಾನು.

ಮನೆಗೆ ಬಂದಾಗ ಸೂಗಮ್ಮ ಅಡುಗೆಮನೆಯಿಂದ ಎಳ್ಳು ಬೆಲ್ಲದ ತಟ್ಟೆ ಹಿಡಿದು ಹೊರಬಂದಳು. ಕೋಲಿಲ್ಲದೆ, ಎರಡೂ ಪಾದ ನೆಟ್ಟಗೆ ಊರಿ ನಡೆದಳು.

"ಇದರಾಗ ಸ್ವಲ್ಪ ಕಲ್ಲೇಶಗ ಕೊಟ್ಟು ಬಾರೋ. ನನ್ನ ಕಾಲು ಉಳಿಸಿದವ ಅಂವನ."

"ಆತಬೇ," ಎಂದು ಶಿವಶರಣಪ್ಪ ತಟ್ಟೆ ತೆಗೆದುಕೊಂಡರು. ತಾಯಿ ತಿರುಗಿ ಒಳಗೆ ನಡೆದು ಹೋಗುವವರೆಗೂ ಅವರು ಆ ಕಾಲನ್ನೇ ನೋಡುತ್ತ ನಿಂತಿದ್ದರು.